ಥಲಸ್ಸೀಮಿಯಾ: ಹುಟ್ಟಿದ ಕೂಸಿನ ರಕ್ತದಾಗ ಬದಲಾಗೋ ಸ್ವಿಚ್

ಚಿಂಚೋಳಿ ತಾಲ್ಲೂಕಿನ ಐನಾಪುರದಿಂದ ಮಾತಾಡ್ಲಕತ್ತೀನಿ. ಇವತ್ತಿನ ವಿಷಯ ಥಲಸ್ಸೀಮಿಯಾ. ನಾನು ಬಿ.ಕಾಂ. ಓದಿದವ, ಡಾಕ್ಟರ್ ಅಲ್ಲ. ಆದ್ರ ಈ ಕಾಯಿಲೆಯೂ ಒಂದು ಲೆಕ್ಕದ ವಿಷಯನೇ.

ನಮ್ಮ ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ ಸರಪಳಿ, ಎರಡು ಬೀಟಾ ಸರಪಳಿ ಇರ್ತಾವ. ಡೆಬಿಟ್-ಕ್ರೆಡಿಟ್ ಹಂಗ ಎರಡೂ ಟ್ಯಾಲಿ ಆಗಬೇಕು. ಬೀಟಾ ಕಡಿಮೆ ಬಿದ್ರ, ಉಳಿದ ಆಲ್ಫಾ ಗಂಟುಕಟ್ಟಿ ಕೆಂಪು ರಕ್ತಕಣವನ್ನೇ ಹಾಳು ಮಾಡ್ತದ. ಇದೇ ಬೀಟಾ ಥಲಸ್ಸೀಮಿಯಾ. ಮೇಜರ್ ಇರೋ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು.

ಹಂಗಾದ್ರ ಹುಟ್ಟಿದಾಗ ಆ ಕೂಸು ಚೆನ್ನಾಗೇ ಕಾಣ್ತದಲ್ಲ, ಯಾಕೆ? ಯಾಕಂದ್ರ ಹೊಟ್ಟೆಯಲ್ಲಿದ್ದಾಗ ಬೀಟಾ ಬದಲು ಗಾಮಾ ಅನ್ನೋ ಸರಪಳಿ ಕೆಲಸ ಮಾಡ್ತಿರ್ತದ. ಗಾಮಾ, ಬೀಟಾ ಎರಡರ ಜೀನ್‌ಗಳೂ 11ನೇ ಕ್ರೋಮೋಸೋಮಿನಲ್ಲಿ ಒಂದೇ ಸಾಲಿನಾಗ ಅದಾವ. ಸಾಲಿನ ಮುಂದೆ, ಬೀಟಾದಿಂದ ಸುಮಾರು 50 ಸಾವಿರ ಡಿಎನ್‌ಎ ಅಕ್ಷರ ದೂರದಲ್ಲಿ, ಒಂದು ಕಂಟ್ರೋಲ್ ಜಾಗ ಅದ. ಅದರ ಹೆಸರು ಎಲ್‌ಸಿಆರ್. ಡಿಎನ್‌ಎ ದಾರದಂಗ ಬಾಗಿ, ಈ ಜಾಗ ಯಾವ ಜೀನ್‌ಗೆ ತಾಗ್ತದೋ ಆ ಜೀನ್ ಜೋರಾಗಿ ಕೆಲಸ ಮಾಡ್ತದ. ಹುಟ್ಟಿದ ಮೇಲೆ ಬಿಸಿಎಲ್11ಎ ಅನ್ನೋ ಪ್ರೋಟೀನ್ ಗಾಮಾವನ್ನ ಆಫ್ ಮಾಡ್ತದ. ಎಲ್‌ಸಿಆರ್ ಬೀಟಾ ಕಡೆ ಹೊರಳ್ತದ. ಬೀಟಾನೇ ಕೆಟ್ಟಿದ್ರ, ಕೆಲವು ತಿಂಗಳಲ್ಲಿ ಕೂಸು ಬಿಳಿಚಿಕೊಳ್ಳಲು ಶುರು ಆಗ್ತದ.

ಇಲ್ಲೇ ಒಂದು ಆಸೆ ಅದ. ಗಾಮಾ ಜೀನ್ ಎಲ್ಲೂ ಹೋಗಿಲ್ಲ, ಬರೇ ಆಫ್ ಆಗ್ಯದ. ಸಿಕಲ್ ಸೆಲ್ ಕಾಯಿಲೆ ನೋಡ್ರಿ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 1952ರಲ್ಲಿ, ನಮ್ಮ ರಾಜ್ಯದ ಗಡಿಗೆ ಅಂಟಿದ ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ದೇಶದ ಬಹಳಷ್ಟು ರೋಗಿಗಳಲ್ಲಿ ಗಾಮಾ ಜೀನ್ ಶುರುವಾಗೋಕ್ಕಿಂತ 158 ಅಕ್ಷರ ಹಿಂದೆ ಒಂದೇ ಒಂದು ಅಕ್ಷರ ಬೇರೆ ಇರ್ತದ. ಅದರಿಂದ ಗಾಮಾ ಪೂರ್ತಿ ಆಫ್ ಆಗಲ್ಲ, ಎಷ್ಟೋ ಜನರಿಗೆ ಕಾಯಿಲೆ ಸ್ವಲ್ಪ ಹಗುರ. 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿದ ಕ್ಯಾಸ್ಜೆವಿ ಚಿಕಿತ್ಸೆಯ ಯುಕ್ತಿಯೂ ಇದೇ: ರಕ್ತಕಣ ತಯಾರಾಗೋ ಕೋಶಗಳಲ್ಲಿ ಬಿಸಿಎಲ್11ಎ ಜೀನಿನ ಸ್ವಿಚ್ ಕತ್ತರಿಸಿ, ಗಾಮಾವನ್ನ ಮತ್ತೆ ಆನ್ ಮಾಡೋದು. ಅಮೆರಿಕದಾಗ ಅದರ ಬೆಲೆ 22 ಲಕ್ಷ ಡಾಲರ್, ಅಂದ್ರ 18 ಕೋಟಿ ರೂಪಾಯಿಗೂ ಮೇಲೆ!

ಅಷ್ಟು ರೊಕ್ಕ ನಮ್ಮ ಬಳಿ ಇಲ್ಲ. ಆದ್ರ ಒಂದು ರಕ್ತಪರೀಕ್ಷೆ ನಮ್ಮ ಕೈಯಾಗ ಅದ. ನಮ್ಮ ಕಡೆ ಸೋದರಮಾವನ ಮಗಳು, ಸೋದರತ್ತಿ ಮಗ ಅಂತ ಕಳ್ಳುಬಳ್ಳಿಯಲ್ಲೇ ಸಂಬಂಧ ಮಾಡ್ತೀವಿ. ಒಂದೇ ಮನೆತನದಾಗ ಕೆಟ್ಟ ಜೀನ್ ಇದ್ರ, ಇಬ್ಬರಲ್ಲೂ ಇರೋ ಸಾಧ್ಯತೆ ಹೆಚ್ಚು. ಒಂದೇ ಕೆಟ್ಟ ಜೀನ್ ಇರೋ ಕ್ಯಾರಿಯರ್‌ಗೆ ಸಾಮಾನ್ಯವಾಗಿ ಏನೂ ತ್ರಾಸ ಇರಲ್ಲ, ಗೊತ್ತೂ ಆಗಲ್ಲ. ಇಬ್ಬರೂ ಕ್ಯಾರಿಯರ್ ಆದ್ರ, ಪ್ರತಿ ಬಸಿರಿನಲ್ಲೂ ಕೂಸಿಗೆ ಕಾಯಿಲೆ ಬರೋ ಸಾಧ್ಯತೆ 25 ಪರ್ಸೆಂಟ್.

ಅದಕ್ಕೇ ಮಾತುಕತೆಗೆ ಮೊದಲು ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಟೆಸ್ಟ್ ಮಾಡಿಸ್ರಿ. ಇಬ್ಬರಲ್ಲಿ ಒಬ್ಬರ ರಿಪೋರ್ಟ್ ನಾರ್ಮಲ್ ಇದ್ರ, ಮಕ್ಕಳಿಗೆ ಮೇಜರ್ ಬರೋ ಭಯ ಬ್ಯಾಡ. ಇಬ್ಬರೂ ಕ್ಯಾರಿಯರ್ ಅಂತ ಬಂದ್ರೂ ಹೆಣ್ಣಿನ ಮೇಲೆ ತಪ್ಪು ಹೊರಿಸಬ್ಯಾಡ್ರಿ. ಡಾಕ್ಟರ್ ಹತ್ರ ಕೂತು ಮಾತಾಡ್ರಿ. ಬಸಿರಿನ ಶುರುವಿನಲ್ಲೇ ಪರೀಕ್ಷೆ ಮಾಡೋ ದಾರಿಯೂ ಅದ.

ನಿಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಈ ಎಪಿಸೋಡ್ ಹಾಕ್ರಿ. ಮುಂದಿನ ವಾರ ಸಿಗೋಣ್ರಿ.