ಬಿಡ್ತು ಅನ್ನುವ ಮುನ್ನ

ನಮ್ಮ ಅಜ್ಜಿಯ ದೇವರ ಗೂಡಿನಲ್ಲಿ ತಾಮ್ರದ ಪುಟ್ಟ ಗಿಂಡಿಯೊಂದಿತ್ತು. ಒಳಗೆ ಕಾಶಿಯಿಂದ ತಂದ ಗಂಗೆ, ಬಾಯಿಗೆ ಬೆಸುಗೆ. ಹಬ್ಬ ಬಂದರೆ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗುತ್ತ ಅಜ್ಜಿ ಹೇಳುತ್ತಿದ್ದಳು: "ಇದು ನನ್ನ ಕೊನೇ ಗುಟುಕಿಗೆ ಕಣೋ. ಆಮೇಲೆ ಹುಡುಕಾಡಬೇಡಿ, ಇಲ್ಲೇ ಇರುತ್ತೆ." ಅಡುಗೆಮನೆಯಿಂದ ಅಮ್ಮ ಕೂಗುತ್ತಿದ್ದಳು: "ಬಿಡ್ತು ಅನ್ನಿ ಅತ್ತೆ, ಹಬ್ಬದ ದಿನ ಎಂಥ ಮಾತು!" ಅಜ್ಜಿ "ಬಿಡ್ತು" ಅಂದು ಸುಮ್ಮನಾಗುತ್ತಿದ್ದಳು.

ಸಾವನ್ನು ದೇವರ ಪಕ್ಕದಲ್ಲೇ ಇಟ್ಟುಕೊಂಡು, ಕುಂಕುಮ ಹಚ್ಚಿ ಬದುಕಿದವಳು ಅಜ್ಜಿ. ಹೆದರಿದ್ದು ನಾವು.

ವಯಸ್ಸಾದವರನ್ನು ಕೇಳಿ ನೋಡಿ. ಹಾಸಿಗೆ ಹಿಡಿದೇನು, ಮಕ್ಕಳಿಗೆ ಭಾರವಾದೇನು, ತಮ್ಮನ ಜೊತೆ ಮಾತು ಬಿಟ್ಟದ್ದು ಹಾಗೇ ಉಳಿದೀತು ಎಂಬ ಚಿಂತೆಯೇ ಅವರಿಗೆ ಸಾವಿನ ಭಯಕ್ಕಿಂತ ಹೆಚ್ಚು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ ಕೊನೆಗಾಲದ ಆರೈಕೆಯ ಮನೆ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿದ್ದವರು, ಆಮೇಲೆ ವೈದ್ಯೆಯಾದವರು. ಸಾವಿನಂಚಿನಲ್ಲಿದ್ದವರ ಮಾತು ಕೇಳಿ ಕೇಳಿ ಅವರು ಕಂಡುಕೊಂಡದ್ದು ಇಷ್ಟು: ಮೈಯ ನೋವು, ಮನಸ್ಸಿನ ನೋವು, ಸಂಬಂಧಗಳ ನೋವು, ಆತ್ಮದ ನೋವು ಎಲ್ಲ ಹೆಣೆದುಕೊಂಡೇ ಇರುತ್ತವೆ. ಮೈಯ ನೋವಿಗೆ ಮಾರ್ಫಿನ್ ಇದೆ. 'ನನ್ನ ಬದುಕು ಸಾರ್ಥಕವಾಯಿತೆ?' ಎಂಬ ನೋವಿಗೆ ಪಕ್ಕದಲ್ಲಿ ಕೂತು ಕೇಳುವವರೊಬ್ಬರು ಬೇಕು.

ಸಾವಿನ ಮಾತನ್ನು ನಾವು ಕೇಳುವುದೇ ಇಲ್ಲವೆಂದಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ದೇಹ ಬಿಟ್ಟದ್ದು 2023ರ ಜನವರಿ 2ರಂದು. ತಮ್ಮ ದೇಹವನ್ನು ಹೂಳದೆ ಸುಡಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲೇ ಬರೆದಿಟ್ಟಿದ್ದರು. ಆ ಮಾತನ್ನು ನಾಡು ಕೈಮುಗಿದು ಕೇಳಿತು. ಅದೇ ಮಾತನ್ನು ನಮ್ಮ ಮನೆಯ ಜಗಲಿಯಲ್ಲಿ ಕೂತ ಅಜ್ಜ ಆಡಿದರೆ ಬಾಯಿ ಮುಚ್ಚಿಸುತ್ತೇವೆ.

ಅಜ್ಜಿಯ ಕೊನೆಯ ಹೊತ್ತಿಗೆ ಗಿಂಡಿಯ ಬೆಸುಗೆ ಬಿಡಿಸಿದವಳು ಅಮ್ಮನೇ. ಒಂದು ಉದ್ಧರಣೆ ಗಂಗೆ, ಒಂದು ದಳ ತುಳಸಿ. "ಅತ್ತೆ ಇನ್ನೇನು ಹೇಳಬೇಕೆಂದಿದ್ದರೋ" ಎಂದು ಅಮ್ಮ ಇವತ್ತಿಗೂ ಹಲುಬುತ್ತಾಳೆ. ಗಿಂಡಿಯ ಬೆಸುಗೆ ಬಿಟ್ಟಿತು; ಅಜ್ಜಿಯ ಮಾತಿಗೆ ನಾವು ಹಾಕಿದ್ದ ಬೆಸುಗೆ ಬಿಡಲೇ ಇಲ್ಲ.

ಈಗ ಅಮ್ಮನಿಗೆ ಎಪ್ಪತ್ತೆಂಟು. ಮೊನ್ನೆ ತಾಮ್ರದ ಪಾತ್ರೆ ಬೆಳಗುತ್ತ, "ನಾನು ಹೋದಮೇಲೆ..." ಎಂದು ಮಾತೆತ್ತಿದಳು. 'ಬಿಡ್ತು' ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಪಕ್ಕದಲ್ಲಿ ಕೂತೆ. "ಹೇಳಮ್ಮ" ಅಂದೆ.