ಕೊಡುವ ಕೈ ಕೆಳಗಿರಲಿ



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಮಕ್ಕಳು ತಮ್ಮ ಮನೆಯ ಒಲೆಯ ಮುಂದೆ ತಾವೇ ನಿಂತು ಅಡಿಗೆ ಮಾಡಿ, ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರುವವರಿಗೆ ಬುತ್ತಿ ಒಯ್ಯುತ್ತಿದ್ದಾರೆ. ಇದನ್ನು ಕಂಡು ನಮಗೆ ಪರಮ ಸಂತೋಷವಾಗಿದೆ.

ರೋಗಿಯನ್ನು ನೋಡಲು ವೈದ್ಯರಿದ್ದಾರೆ. ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತವರನ್ನು ನೋಡುವವರಾರು? ಮೂತ್ರಪಿಂಡ ಕೆಟ್ಟವರಿಗೆ ಸಾಮಾನ್ಯವಾಗಿ ವಾರಕ್ಕೆ 2-3 ಸಲ ಡಯಾಲಿಸಿಸ್ ಆಗಬೇಕು. ಪ್ರತಿ ಸಲವೂ ಸುಮಾರು 4 ಗಂಟೆ. ಗಂಡನನ್ನು ಕರೆದುಕೊಂಡು ಮೈಸೂರಿನ ದೊಡ್ಡಾಸ್ಪತ್ರೆಗೋ ಮಂಡ್ಯಕ್ಕೋ ಹೊರಟ ಕೃಷ್ಣರಾಜಪೇಟೆ ಕಡೆಯ ತಾಯಿ ಕೋಳಿ ಕೂಗುವ ಮುನ್ನವೇ ಮನೆ ಬಿಟ್ಟಿರುತ್ತಾಳೆ. “ಊಟವಾಯಿತೇನಮ್ಮ?” ಎಂದರೆ “ಆಯ್ತು ಬುದ್ಧಿ” ಎನ್ನುತ್ತಾಳೆ. ಆಗಿರುವುದಿಲ್ಲ. ಸೆರಗಿನ ಗಂಟಿನಲ್ಲಿರುವ ಹಣ ಔಷಧಿಗೆ ಮೀಸಲು.

ಇಲ್ಲಿ ನಮ್ಮಿಂದಾದ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಮೊದಲ ದಿನ ಶ್ರೀಮಠದ ಹೆಸರಿನ ಫಲಕ ಕಟ್ಟಿಸಿ, ಬುತ್ತಿ ಕೊಡುವಾಗ ಫೋಟೋ ತೆಗೆಯಲು ನಾವೇ ಅಪ್ಪಣೆ ಕೊಟ್ಟಿದ್ದೆವು. ಪಾಂಡವಪುರದ ಕಡೆಯ ಹಿರಿಯರೊಬ್ಬರು ಸಾಲಿನಿಂದ ಹಿಂದೆ ಸರಿದರು. ಕಾರಣ ಕೇಳಿದೆವು. “ಬುದ್ಧೀ, ನಾಲೆ ನೀರಲ್ಲಿ ಭತ್ತ ಬೆಳೆದು ನಾಕು ಜನಕ್ಕೆ ಅನ್ನ ಹಾಕಿದವನು ನಾನು. ಈ ಪಟ ಊರೋರು ನೋಡಿದರೆ ತಲೆ ಎತ್ತೋದು ಹೆಂಗೆ?” ಎಂದರು. ಆ ದಿನ ಅವರು ಉಣ್ಣಲಿಲ್ಲ. ಅವರ ಹಸಿವಿಗೆ ಕಾರಣ ಬಡತನವಲ್ಲ, ನಮ್ಮ ಫಲಕ! ಮಾರನೆಯ ದಿನವೇ ಅದನ್ನು ತೆಗೆಸಿದೆವು.

‘ಸೋಹಂ’ ಎಂದರೆ ಅವನೇ ನಾನು. ‘ದಾಸೋಹಂ’ ಎಂದರೆ ನಾನು ದಾಸನು. ಪಾಠಶಾಲೆಯಲ್ಲಿ ಈ ಪದಗಳನ್ನು ಬಿಡಿಸಿ ಅರ್ಥ ಹೇಳಲು ಕಲಿತಿದ್ದೆವು. ಅದರ ಭಾವವನ್ನು ಕಲಿಸಿದವರು ಆ ರೈತರು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ದಾಸೋಹದಲ್ಲಿ ಕೆಳಗಿರುತ್ತದೆ. ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಶಿವೈಕ್ಯರಾದರು. ಅವರ ಇಚ್ಛೆಯಂತೆ, ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಆ ಸುದ್ದಿಯನ್ನು ಪ್ರಕಟಿಸಲಾಯಿತು. ತಮ್ಮ ಮರಣವೂ ಮಕ್ಕಳ ತುತ್ತಿಗೆ ಅಡ್ಡಿಯಾಗಬಾರದೆಂದವರು ಅವರು!

ಮಕ್ಕಳೆ, ಮುದ್ದೆಯಿರಲಿ, ಉಪ್ಪುಸಾರಿರಲಿ, ನಿಮ್ಮ ಮನೆಯವರು ಉಣ್ಣುವುದನ್ನೇ ಒಯ್ಯಿರಿ. ಬಿಸಿಯಿರುವಾಗಲೇ ತಲುಪಿಸಿರಿ, ಮಿಕ್ಕಿದ್ದನ್ನು ಮರುದಿನಕ್ಕೆ ಇಡಬೇಡಿರಿ. ವೈದ್ಯರನ್ನು ಕೇಳದೆ ರೋಗಿಗೆ ಮಾತ್ರ ಏನನ್ನೂ ಕೊಡಬೇಡಿರಿ. ಮೂತ್ರಪಿಂಡದ ರೋಗಿಗೆ ಪ್ರೀತಿಯಿಂದ ಕೊಟ್ಟ ಎಳನೀರು ಕೂಡ ಅಪಾಯ ತರಬಹುದು. ಉಂಡವರ ಜಾತಿ ಕೇಳಬೇಡಿರಿ, ಕೃತಜ್ಞತೆಯನ್ನೂ ಬಯಸಬೇಡಿರಿ. ಉಂಡು ಮುಗಿಯುವವರೆಗೆ ಪಕ್ಕದಲ್ಲಿ ಕುಳಿತು, ಅವರು ಹೇಳುವ ಕಷ್ಟಕ್ಕೆ ಕಿವಿಗೊಡಿರಿ.

ಆ ಹಿರಿಯರು ಮುಂದಿನ ವಾರ ತಾವಾಗಿಯೇ ಬಂದು ಬುತ್ತಿ ಬಿಚ್ಚಿದರು. ಅದರಲ್ಲಿ ಒಂದು ತುತ್ತನ್ನು ಬಡಿಸಿದ ಹುಡುಗನ ಕೈಗೂ ಇಟ್ಟರು. ಅದೇ ನಿಜವಾದ ಪ್ರಸಾದ. ಅಂಥ ಪ್ರಸಾದಕ್ಕೆ ನೀವೆಲ್ಲರೂ ಪಾತ್ರರಾಗಿರೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.