ಹುಳುಮನೆಯ ಕಾವು: ಅಳೆಯುವ ಬಗೆ, ಕಾಯುವ ಬಗೆ

(ಅಂತರಸಂತೆಯಲ್ಲಿ ರೇಷ್ಮೆ ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ಹಿಪ್ಪುನೇರಳೆಯ ಗೊಬ್ಬರ, ನೀರು, ಒಳ್ಳೆಯ ಮೊಟ್ಟೆ, ಗೂಡಿನ ಧಾರಣೆ, ಇವುಗಳ ವಿಷಯವಾಗಿ ನಾವು ಸೇರಿದಾಗಲೆಲ್ಲ ಮಾತನಾಡುತ್ತೇವೆ. ಹುಳುಮನೆಯ ಕಾವಿನ ಮಾತು ಬಂದರೆ ಮಾತ್ರ, “ಚಳಿಯಾದರೆ ಕೆಂಡ ಇಡುತ್ತೇವೆ, ಸೆಕೆಯಾದರೆ ಕಿಟಕಿ ತೆರೆಯುತ್ತೇವೆ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಬೆಳೆ ಕೈಕೊಡುವುದು ಅನೇಕ ವೇಳೆ ಇಲ್ಲಿಯೇ. ಬೆಳೆ ಹೋದರೆ ಇನ್ನೊಂದು ಬೆಳೆ ತೆಗೆಯಬಹುದು. ಆದರೆ ಕೆಂಡವನ್ನು ತಪ್ಪು ರೀತಿಯಲ್ಲಿ ಇಟ್ಟರೆ ಮನೆಯವರ ಪ್ರಾಣಕ್ಕೇ ಅಪಾಯ. ಆದುದರಿಂದ ಇಂದು ಈ ಒಂದು ವಿಷಯವನ್ನೇ ತಮ್ಮ ಮುಂದಿಡಲು ಬಯಸುತ್ತೇನೆ.

ನಮ್ಮದು ಕಾಡಂಚಿನ ಸೀಮೆ. ಬೆಳಗಿನ ಎಳೆಬಿಸಿಲಿಗೆ ಹಾವು ಬಂಡೆಯ ಮೇಲೆ ಬಂದು ಮಲಗುವುದನ್ನು ತಾವು ನೋಡಿದ್ದೀರಿ. ಮೈ ಕಾದ ಮೇಲೆ ಅದು ಪೊದೆಯ ನೆರಳಿಗೆ ಸರಿಯುತ್ತದೆ. ನಮ್ಮ ಮೈಯಾಗಲಿ ಹಸುವಿನ ಮೈಯಾಗಲಿ ತನಗೆ ಬೇಕಾದ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಹಾವಿನ ಮೈಗೆ ಆ ಶಕ್ತಿಯಿಲ್ಲ. ಸುತ್ತಲಿನ ಕಾವೇ ಅದರ ಮೈಯ ಕಾವು. ರೇಷ್ಮೆ ಹುಳುವಿನದೂ ಇದೇ ಜಾತಿಯ ಮೈ. ಆದರೆ ಒಂದು ವ್ಯತ್ಯಾಸವುಂಟು. ಹಾವು ಬಿಸಿಲಿಗೂ ನೆರಳಿಗೂ ತಾನೇ ಓಡಾಡಿಕೊಳ್ಳುತ್ತದೆ. ರೇಷ್ಮೆ ಹುಳು ಸಾವಿರಾರು ವರ್ಷಗಳಿಂದ ಮನುಷ್ಯನ ಕೈಯಲ್ಲಿ ಬೆಳೆದು ಬಂದದ್ದು. ತಟ್ಟೆ ಬಿಟ್ಟು ಅದು ಎಲ್ಲಿಗೂ ಹೋಗದು. ನಾವು ಇಟ್ಟ ಕಡೆ, ನಾವು ಕೊಟ್ಟ ಕಾವಿನಲ್ಲಿಯೇ ಅದು ಬದುಕಬೇಕು. ಹಾವು ತನಗಾಗಿ ಮಾಡಿಕೊಳ್ಳುವ ಕೆಲಸವನ್ನು ಹುಳುವಿಗಾಗಿ ನಾವು ಮಾಡಬೇಕು.

ಹಾಗಾದರೆ ಎಷ್ಟು ಕಾವು ಬೇಕು? ಮೊದಲನೆಯ ಹಂತದ ಮರಿಹುಳುವಿಗೆ ೨೮ ಡಿಗ್ರಿ ಸೆಂಟಿಗ್ರೇಡ್, ಎರಡನೆಯ ಹಂತಕ್ಕೆ ೨೭, ಮೂರನೆಯದಕ್ಕೆ ೨೬, ನಾಲ್ಕನೆಯದಕ್ಕೆ ೨೫, ಐದನೆಯ ಹಂತದ ದೊಡ್ಡ ಹುಳುವಿಗೆ ೨೪. ಪ್ರತಿ ಹಂತಕ್ಕೂ ಒಂದೊಂದು ಡಿಗ್ರಿ ಇಳಿಸುತ್ತ ಬಂದರಾಯಿತು, ನೆನಪಿಡುವುದು ಕಷ್ಟವಲ್ಲ. ಗಾಳಿಯ ತೇವಾಂಶವೂ ಹಾಗೆಯೇ ಇಳಿಯಬೇಕು. ಚಾಕಿ ಹುಳುವಿಗೆ ಶೇಕಡಾ ೮೫ರಿಂದ ೯೦, ಮೂರನೆಯ ಹಂತಕ್ಕೆ ೮೦, ನಾಲ್ಕನೆಯದಕ್ಕೆ ೭೫, ಐದನೆಯದಕ್ಕೆ ೭೦. ಈಗ ಬಹಳ ಮಂದಿ ಎರಡನೆಯ ಜ್ವರ ಎದ್ದ ಹುಳುವನ್ನು ಚಾಕಿ ಕೇಂದ್ರದಿಂದ ತರುತ್ತಾರೆ. ಅಂಥವರು ೨೬, ೨೫, ೨೪ ಎಂಬ ಮೂರು ಅಂಕಿಗಳನ್ನು ಹುಳುಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಸಾಕು.

ಕಾವು ೨೦ ಡಿಗ್ರಿಗಿಂತ ಕೆಳಗೆ ಇಳಿದರೆ ಹುಳು ಮಂಕಾಗುತ್ತದೆ, ಸೊಪ್ಪು ಮುಟ್ಟದು, ಜ್ವರಕ್ಕೆ ಕೂರುವುದು ತಡವಾಗುತ್ತದೆ, ಸೊಪ್ಪಿನ ಖರ್ಚೂ ಕೆಲಸದ ದಿನಗಳೂ ಹೆಚ್ಚುತ್ತವೆ. ೩೦ ಡಿಗ್ರಿ ದಾಟಿದರೆ ಹುಳು ಅವಸರದಲ್ಲಿ ಬೆಳೆದು ಬೇಗ ಹಣ್ಣಾಗುತ್ತದೆ. ಹೊರನೋಟಕ್ಕೆ ಇದು ಲಾಭದಂತೆ ಕಾಣುತ್ತದೆ. ಆದರೆ ಗೂಡು ತೆಳುವಾಗುತ್ತದೆ, ಸಪ್ಪೆ ರೋಗಕ್ಕೂ ಹಾಲುತೊಂಡೆಗೂ ದಾರಿಯಾಗುತ್ತದೆ. ತಂಪಿನ ಜೊತೆಗೆ ತೇವ ಸೇರಿದರೆ ಸುಣ್ಣಕಟ್ಟು ರೋಗ ಕಾದಿರುತ್ತದೆ. ರೋಗಕ್ಕೆ ರೋಗಾಣುವೇ ಕಾರಣ ನಿಜ. ಆದರೆ ಬಾಗಿಲು ತೆರೆದುಕೊಡುವುದು ಕೆಟ್ಟ ಕಾವು.

ಹಿರಿಯರು ಕೆಲವರು ನನ್ನನ್ನು ಕೇಳುವುದುಂಟು: “ಏನಪ್ಪಾ, ನಮ್ಮ ಅಪ್ಪನ ಕಾಲದಲ್ಲಿ ಥರ್ಮಾಮೀಟರು ಇತ್ತೇ? ಅವರು ಹುಳು ಸಾಕಲಿಲ್ಲವೇ?” ಪ್ರಶ್ನೆ ನ್ಯಾಯವಾದದ್ದು. ಅವರು ಸಾಕಿದ್ದು ಮೈಸೂರು ತಳಿಯನ್ನು, ಇಲ್ಲವೆ ಅದರ ರಕ್ತವಿರುವ ಮಿಶ್ರತಳಿಯನ್ನು. ಅದು ನಮ್ಮ ಹವೆಗೆ ಒಗ್ಗಿದ ಗಟ್ಟಿ ಹುಳು. ಸೆಕೆ ತಡೆಯುತ್ತದೆ, ಆದರೆ ಗೂಡಿನಲ್ಲಿ ನೂಲು ಕಡಿಮೆ. ದ್ವಿತಳಿ ಹುಳುವಿನ ಮೂಲ ತಂಪು ಸೀಮೆ. ನಮ್ಮ ಊರಿನ ಮೇಲೆ ಹಾದು ಹೋಗುವ ಇದೇ ಮಾನಂದವಾಡಿ ರಸ್ತೆಯ ಮೈಸೂರಿನ ತುದಿಯಲ್ಲಿ, ೧೯೬೧ರಲ್ಲಿ ಸ್ಥಾಪನೆಯಾದ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಿದೆ. ಅಲ್ಲಿಯ ವಿಜ್ಞಾನಿಗಳು ೧೯೯೦ರ ದಶಕದಲ್ಲಿ ಸಿ.ಎಸ್.ಆರ್. ೨, ಸಿ.ಎಸ್.ಆರ್. ೪ ಮುಂತಾದ ದ್ವಿತಳಿಗಳನ್ನು ಸಿದ್ಧಪಡಿಸಿದರು. ಇವುಗಳ ಗೂಡಿನಲ್ಲಿ ನೂಲು ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಮೈ ನಾಜೂಕು. ಹಳ್ಳಿಕಾರ್ ಎತ್ತನ್ನು ಕಟ್ಟಿದ ಕೊಟ್ಟಿಗೆಯಲ್ಲಿಯೇ ಸೀಮೆಹಸುವನ್ನು ಕಟ್ಟಿ, ಅದೇ ಆರೈಕೆ ಸಾಕು ಎಂದರೆ ಆದೀತೆ? ಇಲ್ಲಿಯೂ ಹಾಗೆಯೇ.

ನಮ್ಮ ರೈತರಿಗೆ ಕಾವು ಅಳೆಯುವುದು ಹೊಸ ವಿದ್ಯೆಯೂ ಅಲ್ಲ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್ನು ಕಾಯಿಸುವವರು ಎಷ್ಟೋ ಮಂದಿ ಇದ್ದಾರೆ. ಎಲೆ ಹಳದಿಗೆ ತಿರುಗುವಾಗ ಒಂದು ಕಾವು, ದಂಟು ಒಣಗುವಾಗ ಒಂದು ಕಾವು ಎಂದು ರಾತ್ರಿಯೆಲ್ಲ ಥರ್ಮಾಮೀಟರು ನೋಡುತ್ತ ಎಚ್ಚರವಾಗಿರುವವರು ಅವರು. ಸತ್ತ ಎಲೆಗೆ ಇಷ್ಟು ಕಾವಲು ಕೊಡುವ ನಾವು ಜೀವವಿರುವ ಹುಳುವಿಗೆ ಅದರಲ್ಲಿ ಅರ್ಧವನ್ನಾದರೂ ಕೊಡಬೇಡವೇ?

ಅಳೆಯುವ ಬಗೆಯನ್ನು ಹೇಳುತ್ತೇನೆ. ಮೊದಲನೆಯದಾಗಿ, ನಮ್ಮ ಮೈಗೆ ತೋರುವ ಕಾವನ್ನು ನಂಬಬಾರದು. ಹೊಲದಿಂದ ಬಿಸಿಲಿನಲ್ಲಿ ಬಂದವರಿಗೆ ಹುಳುಮನೆ ತಂಪಾಗಿ ತೋರುತ್ತದೆ. ಹಾಸಿಗೆಯಿಂದ ಎದ್ದು ಬಂದವರಿಗೆ ಅದೇ ಮನೆ ಚಳಿಯಾಗಿ ತೋರುತ್ತದೆ. ಎರಡನೆಯದಾಗಿ, ಥರ್ಮಾಮೀಟರನ್ನು ಬಾಗಿಲ ಬಳಿ, ಬಿಸಿಲು ಬೀಳುವ ಗೋಡೆಗೆ, ಇಲ್ಲವೆ ಒಲೆಯ ಎದುರಿಗೆ ತೂಗುಹಾಕಬಾರದು. ಹುಳು ಇರುವ ಎತ್ತರದಲ್ಲಿ, ನಡುವಣ ಅಂತಸ್ತಿನಲ್ಲಿ ತೂಗುಹಾಕತಕ್ಕದ್ದು. ಬಿಸಿಗಾಳಿ ಮೇಲಕ್ಕೆ ಏರುತ್ತದೆ. ಆದುದರಿಂದ ಮೇಲಿನ ಅಂತಸ್ತಿಗೂ ಕೆಳಗಿನದಕ್ಕೂ ಕಾವಿನಲ್ಲಿ ವ್ಯತ್ಯಾಸವಿರುತ್ತದೆ. ದಿನಕ್ಕೊಮ್ಮೆಯಾದರೂ ಎರಡು ಕಡೆಯೂ ಇಟ್ಟು ನೋಡಬೇಕು.

ಥರ್ಮಾಮೀಟರು ಸರಿಯಿದೆಯೇ ಎಂಬುದನ್ನು ಮನೆಯಲ್ಲಿಯೇ ನೋಡಬಹುದು. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ, ಗಾಜಿನ ಥರ್ಮಾಮೀಟರಿನ ಬುಡವನ್ನು ಅದರಲ್ಲಿ ಐದು ನಿಮಿಷ ಇಟ್ಟರೆ ಅದು ಸೊನ್ನೆಯನ್ನು ತೋರಿಸಬೇಕು. ಎರಡು ಡಿಗ್ರಿ ಹೆಚ್ಚು ತೋರಿಸಿದರೆ ಪ್ರತಿ ಸಲವೂ ಎರಡನ್ನು ಕಳೆದು ಓದಬೇಕು.

ತೇವಾಂಶ ತಿಳಿಯಲು ಎರಡು ಥರ್ಮಾಮೀಟರು ಬೇಕು. ಒಂದರ ಬುಡಕ್ಕೆ ತೆಳು ಮಲ್ಲಿನ ಬಟ್ಟೆ ಸುತ್ತಿ, ಅದರ ತುದಿಯನ್ನು ಚಿಕ್ಕ ಸೀಸೆಯ ನೀರಿನಲ್ಲಿ ಇಳಿಬಿಡಬೇಕು. ಗಾಳಿ ಒಣಗಿದಷ್ಟೂ ಒದ್ದೆ ಬುಡದ ಅಂಕಿ ಕೆಳಗೆ ಇಳಿಯುತ್ತದೆ. ಒಣ ಬುಡ ೨೮, ಒದ್ದೆ ಬುಡ ೨೬ ತೋರಿಸಿದರೆ ತೇವಾಂಶ ಸುಮಾರು ಶೇಕಡಾ ೮೫, ಚಾಕಿಗೆ ಸರಿ. ಒಣ ಬುಡ ೨೪, ಒದ್ದೆ ಬುಡ ೨೦ ಇದ್ದರೆ ಸುಮಾರು ೭೦. ದೊಡ್ಡ ಹುಳುವಿಗೆ ಸರಿ. ಎರಡೂ ಒಂದೇ ಅಂಕಿ ತೋರಿಸಿದರೆ ಗಾಳಿ ನೀರುಂಡು ತುಂಬಿದೆ ಎಂದು ಅರ್ಥ. ಕೂಡಲೇ ಕಿಟಕಿ ತೆರೆಯಬೇಕು. ಕಾವು ತೇವಾಂಶಗಳೆರಡನ್ನೂ ಅಂಕಿಯಲ್ಲಿ ತೋರಿಸುವ ಚಿಕ್ಕ ಯಂತ್ರಗಳೂ ಈಗ ದೊರೆಯುತ್ತವೆ. ರಾತ್ರಿ ಕಾವು ಎಷ್ಟಕ್ಕೆ ಇಳಿದಿತ್ತು ಎಂಬುದನ್ನು ನೆನಪಿಟ್ಟುಕೊಂಡು ಬೆಳಿಗ್ಗೆ ತೋರಿಸುವಂಥದನ್ನು ಕೊಳ್ಳುವುದು ಮೇಲು. ಏಕೆಂದರೆ ನಾವು ನಿದ್ದೆಯಲ್ಲಿರುವಾಗಲೇ ಕಾವು ಇಳಿಯುವುದು.

ಇನ್ನು ಕಾವು ಏರಿಸುವ ಮಾತು. ಬೆಂಕಿಗೆ ಮೊದಲು ಮನೆಯನ್ನು ನೋಡಿ. ಸೂರಿನ ಸಂದಿಯಲ್ಲಿ ಚಳಿಗಾಳಿ ನುಗ್ಗುತ್ತಿದ್ದರೆ ಎಷ್ಟು ಕಾಯಿಸಿದರೂ ಹೊಳೆಗೆ ಹುಣಸೆಹಣ್ಣು ಕಿವುಚಿದಂತೆ. ಕಿಟಕಿಗೆ ಗೋಣಿಪರದೆ, ಮೇಲೆ ಚಾಪೆಯ ಒಳಚಾವಣಿ ಇದ್ದರೆ ಅರ್ಧ ಕೆಲಸ ಮುಗಿಯಿತು. ಆದರೆ ಗಾಳಿಯಾಡಲು ಮೇಲೂ ಕೆಳಗೂ ಒಂದೊಂದು ಕಿಂಡಿ ಇರಲೇಬೇಕು.

ಕಾವು ಏರಿಸಿದಾಗ ಇನ್ನೊಂದು ಸಂಗತಿ ನಡೆಯುತ್ತದೆ. ಮಳೆಗಾಲದ ರಾತ್ರಿ ಮನೆಯ ಗಾಳಿ ೨೦ ಡಿಗ್ರಿ, ತೇವಾಂಶ ಶೇಕಡಾ ೯೫ ಇದೆ ಎನ್ನೋಣ. ಅದೇ ಗಾಳಿಯನ್ನು ೨೫ಕ್ಕೆ ಕಾಯಿಸಿದರೆ ತೇವಾಂಶ ಸುಮಾರು ೭೦ಕ್ಕೆ ಇಳಿಯುತ್ತದೆ. ದೊಡ್ಡ ಹುಳುವಿಗೆ ಇದು ಎರಡು ಬಗೆಯಲ್ಲೂ ಹಿತ. ಆದರೆ ಚಾಕಿ ಹುಳುವಿಗೆ ಇದು ಒಣಹವೆಯಾಯಿತು. ಆಗ ಒದ್ದೆ ಗೋಣಿಯನ್ನು ತೂಗುಹಾಕಬೇಕಾಗುತ್ತದೆ.

ಕೆಂಡದ ವಿಷಯಕ್ಕೆ ಬರುತ್ತೇನೆ. ತಾಯಂದಿರು ಈ ಮಾತನ್ನು ವಿಶೇಷವಾಗಿ ಕೇಳಬೇಕು. ಏಕೆಂದರೆ ರಾತ್ರಿ ಹುಳುಮನೆಯಲ್ಲಿ ಸೊಪ್ಪು ಹಾಕುತ್ತ ಇರುವವರು ಹೆಚ್ಚಾಗಿ ತಾವೇ. ಹೊಗೆ ಕಂಡರೆ ನಾವು ಎಚ್ಚರಗೊಳ್ಳುತ್ತೇವೆ. ಹೊಗೆ ಹೋಗಿ ಕೆಂಡ ನಿಗಿನಿಗಿ ಆದ ಮೇಲೆ ಭಯವಿಲ್ಲವೆಂದು ನಂಬುತ್ತೇವೆ. ಈ ನಂಬಿಕೆಯೇ ಪ್ರಾಣ ತೆಗೆಯುವಂಥದು. ನಿಗಿನಿಗಿ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯು ಕೂರುವ ಜಾಗದಲ್ಲಿ ಅದು ಹೋಗಿ ಕೂರುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಓಕರಿಕೆ, ಮಂಪರು. ನಿದ್ದೆಯಲ್ಲಿರುವವರಿಗೆ ಇದಾವುದೂ ತಿಳಿಯದೆ ಪ್ರಾಣ ಹೋಗಬಹುದು.

ಆದುದರಿಂದ ಮೂರು ಕಟ್ಟಳೆಗಳನ್ನು ಪಾಲಿಸಬೇಕು. ಕೆಂಡವಿರುವ ಮನೆಯಲ್ಲಿ ಯಾರೂ ಮಲಗಕೂಡದು, ಮಗುವನ್ನಂತೂ ಮಲಗಿಸಲೇಕೂಡದು. ಕಿಂಡಿಗಳನ್ನು ಮುಚ್ಚಕೂಡದು. ಒಳಗಿದ್ದವರಿಗೆ ತಲೆನೋವು ಬಂದರೆ ಕೂಡಲೇ ಹೊರಗೆ ಬರಬೇಕು. ಯಾರಾದರೂ ಎಚ್ಚರ ತಪ್ಪಿ ಬಿದ್ದಿದ್ದರೆ ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಅವರನ್ನು ಹೊರಗಾಳಿಗೆ ಎಳೆದು ತಂದು, ೧೦೮ಕ್ಕೆ ಕರೆಮಾಡಿ. ಇನ್ನೊಂದು ಮಾತು: ಹೊಗೆಸೊಪ್ಪಿನ ದಂಟನ್ನು ಹುಳುಮನೆಯಲ್ಲಿ ಎಂದಿಗೂ ಉರಿಸಬೇಡಿ. ಹೊಗೆಸೊಪ್ಪಿನ ನಂಜು ರೇಷ್ಮೆ ಹುಳುವಿಗೆ ವಿಷ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹುಳುವಿಗೆ ಸೊಪ್ಪನ್ನೂ ಹಾಕಬಾರದು.

ವಿದ್ಯುತ್ತಿನ ಹೀಟರು ಇದಕ್ಕಿಂತ ಮೇಲು; ಆದರೆ ಅದಕ್ಕೂ ಅದರದೇ ಕಟ್ಟಳೆಗಳಿವೆ. ೧೫೦೦ ವಾಟಿನ ಹೀಟರು ಗಂಟೆಗೆ ಒಂದೂವರೆ ಯೂನಿಟ್ ಕರೆಂಟು ತಿನ್ನುತ್ತದೆ. ತಂತಿಯಲ್ಲಿ ಆರೂವರೆ ಆಂಪಿಯರ್ ಹರಿಯುತ್ತದೆ. ದೀಪದ ತೆಳು ತಂತಿಗೆ ಅದನ್ನು ಜೋಡಿಸಿದರೆ ತಂತಿ ಕಾದು ಸುಡುತ್ತದೆ. ಬೇರೆ ದಪ್ಪ ತಂತಿ, ಅರ್ಥಿಂಗ್ ಇರುವ ದೊಡ್ಡ ಪ್ಲಗ್ಗು, ಕರೆಂಟು ಸೋರಿದರೆ ತಾನೇ ಆರಿಸುವ ಸ್ವಿಚ್ಚು ಬೇಕು. ಹುಳುಮನೆಯಲ್ಲಿ ಕಾಗದ, ಬಿದಿರಿನ ಚಂದ್ರಿಕೆ, ಒಣಗಿದ ಕಡ್ಡಿ ಎಲ್ಲವೂ ಹೊತ್ತಿಕೊಳ್ಳುವ ಸಾಮಾನುಗಳೇ. ಹೀಟರಿನ ಸುತ್ತ ಮೂರಡಿ ಜಾಗ ಬರಿದಾಗಿರಲಿ, ಒದ್ದೆ ಗೋಣಿಯೂ ಅದರಿಂದ ದೂರವಿರಲಿ. ಕಾವು ಸಾಕಾದಾಗ ತಾನೇ ಆರುವ ಥರ್ಮೋಸ್ಟಾಟು ಇದ್ದರೆ ಕರೆಂಟು ಉಳಿಯುತ್ತದೆ. ಆದರೆ ಅದರ ಮೂಗು ಹುಳುವಿನ ಎತ್ತರದಲ್ಲಿರಬೇಕು. ಹೀಟರಿನ ಪಕ್ಕದಲ್ಲಿದ್ದರೆ ಅಲ್ಲಿ ಕಾದೊಡನೆ ಆರಿಬಿಡುತ್ತದೆ, ಹುಳು ಚಳಿಯಲ್ಲಿಯೇ ಉಳಿಯುತ್ತದೆ. ಯಂತ್ರವೂ ಕೆಡಬಹುದು, ಆದುದರಿಂದ ಥರ್ಮೋಸ್ಟಾಟಿನ ಅಂಕಿಯನ್ನು ಬೇರೊಂದು ಥರ್ಮಾಮೀಟರಿನೊಡನೆ ತಾಳೆ ನೋಡುತ್ತಿರಬೇಕು.

ಬೇಸಗೆಯಲ್ಲಿ ಕಷ್ಟ ತಿರುಗುಮುರುಗಾಗುತ್ತದೆ. ಶೀಟಿನ ಮನೆಯಾದರೆ ಮೇಲೆ ತೆಂಗಿನ ಗರಿ ಹೊದಿಸಿ, ಇಲ್ಲವೆ ಸುಣ್ಣ ಬಳಿಯಿರಿ. ಗಾಳಿ ಒಣಗಿದ್ದಾಗ ಕಿಟಕಿಗೆ ಒದ್ದೆ ಗೋಣಿ ಕಟ್ಟಿದರೆ ಮನೆ ತಂಪಾಗುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಒದ್ದೆ ಗೋಣಿಯಿಂದ ಕೆಡುಕೇ ಹೆಚ್ಚು. ಆಗ ಗಾಳಿಯಾಡಿಸುವುದೊಂದೇ ದಾರಿ. ಯಾವಾಗ ಯಾವುದು ಎಂಬುದನ್ನು ಆ ಎರಡು ಥರ್ಮಾಮೀಟರುಗಳೇ ಹೇಳುತ್ತವೆ. ಸೊಪ್ಪನ್ನು ತಂಪು ಹೊತ್ತಿನಲ್ಲಿ ಕೊಯ್ದು ತಂಪು ಹೊತ್ತಿನಲ್ಲಿ ಹಾಕಿ.

ಎರಡು ಸಮಯಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಹುಳು ಜ್ವರಕ್ಕೆ ಕೂತಾಗ ಹಾಸು ಒಣಗಿರಬೇಕು, ಗಾಳಿಯಾಡಬೇಕು, ತೇವ ಇಳಿಯಬೇಕು. ಹಣ್ಣಾದ ಹುಳು ಚಂದ್ರಿಕೆಗೆ ಏರಿದಾಗ ೨೪ ಡಿಗ್ರಿಯ ಕಾವು, ಶೇಕಡಾ ೬೦ರಿಂದ ೬೫ ತೇವಾಂಶ, ಒಳ್ಳೆಯ ಗಾಳಿ ಇರಬೇಕು. ಗೂಡು ಕಟ್ಟುವ ಮುನ್ನ ಹುಳು ಮೈಯ ನೀರನ್ನೆಲ್ಲ ಹೊರಬಿಡುತ್ತದೆ. ಆ ತೇವ ಹೊರಗೆ ಹೋಗದಿದ್ದರೆ ಗೂಡಿನ ನೂಲು ಸರಿಯಾಗಿ ಬಿಚ್ಚುವುದಿಲ್ಲ, ಮಾರುಕಟ್ಟೆಯಲ್ಲಿ ಬೆಲೆಯೂ ಬರುವುದಿಲ್ಲ. ತಿಂಗಳು ಪೂರ್ತಿ ದುಡಿದು ಕೊನೆಯ ಮೂರು ದಿನದಲ್ಲಿ ಸೋಲಬಾರದು.

ಕೊನೆಯದಾಗಿ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಕೈಗೆ ಒಂದು ಪುಸ್ತಕ ಕೊಡಿ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು, ಹೀಗೆ ದಿನಕ್ಕೆ ಮೂರು ಸಲ ಎರಡೂ ಅಂಕಿಗಳನ್ನು ದೊಡ್ಡವರು ನೋಡಿ ಹೇಳಿದರೆ ಅವರು ಬರೆಯಲಿ. ಬೆಳೆ ಚೆನ್ನಾಗಿ ಬಂದರೆ ಮುಂದಿನ ಸಲಕ್ಕೆ ಅದೇ ದಾರಿ. ಕೆಟ್ಟರೆ ಯಾವ ರಾತ್ರಿ ಕೆಟ್ಟಿತು ಎಂಬುದು ಪುಸ್ತಕದಲ್ಲಿ ಸಿಗುತ್ತದೆ. ಹಣೆಬರಹವನ್ನು ದೂರುವ ಕೆಲಸ ತಪ್ಪುತ್ತದೆ.

ಒಂದು ಥರ್ಮಾಮೀಟರಿನ ಬೆಲೆ ಕೆಟ್ಟುಹೋದ ಒಂದು ಬೆಳೆಯ ಮುಂದೆ ಏನೂ ಅಲ್ಲ. ಎರಡು ಕಿಂಡಿ ತೆರೆದಿಡುವುದಕ್ಕಂತೂ ಬೆಲೆಯೇ ಇಲ್ಲ. ಮುಂದಿನ ಬೆಳೆಗೆ ಹುಳು ತರುವ ಮೊದಲು ಈ ಎರಡು ಕೆಲಸಗಳನ್ನು ಪ್ರತಿಯೊಂದು ಮನೆಯಲ್ಲಿಯೂ ಮಾಡಿ ಮುಗಿಸಬೇಕೆಂದು ಪ್ರಾರ್ಥಿಸುತ್ತೇನೆ.